ಎಣಗಾಯಿ ಮತ್ತು ಮೂರು ಚುಕ್ಕಿ

ನಾನು ನಿವೃತ್ತಳಾಗಿ ಒಂದೂವರೆ ವರ್ಷವಾಯಿತು. ನರ್ಸಿಂಗ್ ಕಾಲೇಜಿನ ಹುಡುಗಿಯರು ಈಗಲೂ ಆಗಾಗ ಮನೆಗೆ ಬರುತ್ತಾರೆ. ಸಂಶೋಧನಾ ಪ್ರಬಂಧಗಳನ್ನು ಓದಿ ಅವುಗಳ ಗಟ್ಟಿ ಪೊಳ್ಳು ತಿಳಿಯುವುದು ಹೇಗೆ ಎಂದು ಸ್ವಲ್ಪ ಬರೆದುಕೊಡಿ ಸಿಸ್ಟರ್ ಎನ್ನುತ್ತಾರೆ. ಎಂಟು ವರ್ಷ ನಾನು ಕಲಿಸಿದ್ದು ಅದನ್ನೇ. ಆದರೆ ಕಡೆಯದಾಗಿ ನನ್ನ ಕೈಗೆ ಬಂದ ಪ್ರಬಂಧದ ವಿಷಯದಲ್ಲಿ ನಾನು ನಡೆದುಕೊಂಡದ್ದು ಸರಿಯೋ ತಪ್ಪೋ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಹಾಗಾಗಿ ಹೇಗೆ ಮಾಡಬೇಕು ಎಂದು ಹೇಳುವ ಧೈರ್ಯವಿಲ್ಲ, ಹೇಗೆ ಮಾಡಿದೆ ಎಂದಷ್ಟೇ ಬರೆಯುತ್ತೇನೆ. ಇಲ್ಲಿರುವ ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ, ನನ್ನದೊಂದನ್ನು ಬಿಟ್ಟು.

ನನ್ನ ಹೆಸರು ಪ್ರೇಮಲತಾ. ಧಾರವಾಡದ ಮಿಶನ್ ಕಂಪೌಂಡಿನಲ್ಲಿ ಬೆಳೆದವಳು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ವರ್ಷ ನರ್ಸ್ ಆಗಿದ್ದೆ. ಕೊನೆಯ ಹದಿನೈದು ವರ್ಷ ಗಂಡಸರ ಮೆಡಿಕಲ್ ವಾರ್ಡ್ ನನ್ನ ಕೈಯಲ್ಲಿತ್ತು. ಆಮೇಲೆ ಮೊಣಕಾಲು ಮುಷ್ಕರ ಹೂಡಿದ್ದರಿಂದ ಅದೇ ಆಸ್ಪತ್ರೆಯ ಕಾಲೇಜಿಗೆ ಬಂದೆ.

ವಾರ್ಡಿನ ಒಂದು ಪದ್ಧತಿಯನ್ನು ಮೊದಲೇ ಹೇಳಿಬಿಡಬೇಕು. ಮಧ್ಯಾಹ್ನ ಎರಡಕ್ಕೆ ಬೆಳಗಿನ ಪಾಳಿಯವರು ಹೊರಡುವ, ಸಂಜೆ ಪಾಳಿಯವರು ಬರುವ ಹೊತ್ತು. ಆಗ ಡ್ಯೂಟಿ ರೂಮಿನ ಮೇಜಿನ ಮೇಲೆ ಎಲ್ಲರ ಬುತ್ತಿಯನ್ನೂ ಬಿಚ್ಚುತ್ತಿದ್ದೆವು. ಖಡಕ್ ರೊಟ್ಟಿ ಒಬ್ಬರದು, ಶೇಂಗಾ ಚಟ್ನಿ ಒಬ್ಬರದು, ಮೊಸರು ಒಬ್ಬರದು. ನನ್ನ ಡಬ್ಬಿಯಲ್ಲಿ ಹೆಚ್ಚಾಗಿ ಬದನೆಕಾಯಿ ಎಣಗಾಯಿ ಇರುತ್ತಿತ್ತು. ಶೇಂಗಾ, ಗುರೆಳ್ಳು ಅರೆದು ಹೊಟ್ಟೆ ತುಂಬಿ, ಎಣ್ಣೆ ಮೇಲೆ ಬರುವ ತನಕ ಬೇಯಿಸಿದ್ದು. ಸಂಜೆ ಪಾಳಿಗೆ ಯಾರಾದರೂ ಕೈಕೊಟ್ಟಿದ್ದರೆ ಬೆಳಗಿನವರಲ್ಲಿ ಒಬ್ಬರು ನಿಲ್ಲಲೇಬೇಕು. ಅದನ್ನು ಹುಕುಮಿನಂತೆ ಹೇಳುವುದು ನನಗೆ ಹಿಡಿಸುತ್ತಿರಲಿಲ್ಲ. ಯಾರನ್ನು ನಿಲ್ಲಿಸಬೇಕೋ ಅವಳ ತಾಟಿಗೆ ನಾನೇ ಒಂದು ಎಣಗಾಯಿ ಹಾಕಿ, ಇವತ್ತು ನೀನೇ ನೋಡಬೇಕವಾ, ನಮ್ಮ ಮನೆ ಕೆಲಸ ಎಂದುಕೋ ಎನ್ನುತ್ತಿದ್ದೆ. ಒಬ್ಬಳೂ ಇಲ್ಲವೆಂದವಳಲ್ಲ. ಬೇರೆ ವಾರ್ಡಿನಲ್ಲಿ ಡಬಲ್ ಡ್ಯೂಟಿ ಎಂದರೆ ಜಗಳ, ನಮ್ಮಲ್ಲಿ ಊಟ. ಇದು ನನ್ನ ಹೆಮ್ಮೆಯಾಗಿತ್ತು.

ಬರ್ನ್‌ಔಟ್ ಎಂಬ ಪದವನ್ನು ನಾನು ಕಲಿತದ್ದು ಕಾಲೇಜಿಗೆ ಬಂದ ಮೇಲೆ. ರೋಗಿ ಕರೆದರೂ ಏಳಬೇಕು ಅನ್ನಿಸದಷ್ಟು ನರ್ಸಿನ ಮನಸ್ಸು ಮರಗಟ್ಟುವುದಕ್ಕೆ ಆ ಹೆಸರು. ವಾರ್ಡಿನಲ್ಲಿ ನಾವು ಅದಕ್ಕೆ ಸಾಕಾಗಿದೆ ಎನ್ನುತ್ತಿದ್ದೆವು, ಹಾಗೆ ಎಂದವಳಿಗೆ ಒಂದು ಕಪ್ ಚಹಾ ಕೊಡುತ್ತಿದ್ದೆವು. ಕಾಲೇಜಿನಲ್ಲಿ ನೋಡಿದರೆ ಅದನ್ನು ತಡೆಯುವುದು ಹೇಗೆ ಎಂಬುದರ ಮೇಲೆ ರಾಶಿ ರಾಶಿ ಪ್ರಬಂಧ. ಅದರಲ್ಲಿ ಗುಣಾತ್ಮಕ ಸಂಶೋಧನೆ ಎಂಬುದೊಂದು ಜಾತಿ. ಅಲ್ಲಿ ಲೆಕ್ಕವಿಲ್ಲ, ಕೋಷ್ಟಕವಿಲ್ಲ. ನರ್ಸುಗಳನ್ನು ಕೂರಿಸಿ ಮಾತನಾಡಿಸುವುದು, ಅವರ ಮಾತನ್ನು ಅಕ್ಷರಕ್ಕೆ ಇಳಿಸುವುದು, ಅದರಲ್ಲಿ ಮತ್ತೆ ಮತ್ತೆ ಬರುವ ಎಳೆಗಳನ್ನು ಹುಡುಕಿ ಹೆಸರಿಡುವುದು. ಅಂಥ ಪ್ರಬಂಧಗಳನ್ನು ಪರೀಕ್ಷಿಸಲು ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು.

ಮೊದಲ ಪ್ರಬಂಧವನ್ನೇ ನಾನು ತಿರಸ್ಕರಿಸಿದೆ. ಹನ್ನೊಂದೇ ಜನ ಮಾತನಾಡಿದ್ದಾರೆ, ಇದರಿಂದ ಏನು ಗೊತ್ತಾಗುತ್ತದೆ ಎಂದು ಷರಾ ಬರೆದೆ. ನಮ್ಮ ಪ್ರಾಂಶುಪಾಲೆ ಕುಲಕರ್ಣಿ ಮೇಡಂ ನನ್ನನ್ನು ಕರೆಸಿದರು. ಅವರದು ಧಾರವಾಡದ ಹಳೆಯ ಮನೆತನ, ತಂದೆ ಮಾಸ್ತರರು, ಮನೆಯಲ್ಲಿ ದಿನಾ ತಂಬೂರಿ ಶ್ರುತಿಯಾಗುತ್ತಿತ್ತು. ದನಿ ಎತ್ತಿ ಬೈಯುವುದು ಅವರಿಗೆ ಬರುತ್ತಲೇ ಇರಲಿಲ್ಲ, ಅದೇ ಹೆಚ್ಚು ಕಷ್ಟ. ಎಷ್ಟು ಜನ ಹೇಳಿದರು ಎನ್ನುವುದಲ್ಲ, ಹೇಳಿದ್ದನ್ನು ಎಷ್ಟು ಆಳಕ್ಕೆ ಕೇಳಿಸಿಕೊಂಡರು ಎಂಬುದನ್ನು ನೋಡಬೇಕು ಎಂದು ಅರ್ಧ ಗಂಟೆ ತಿಳಿಸಿ ಹೇಳಿದರು. ನಾನು ತಲೆಯಾಡಿಸಿ ಬಂದೆ.

ಎರಡನೆಯದಕ್ಕೆ ಪೂರ್ತಿ ಅಂಕ ಕೊಟ್ಟೆ. ಓದುತ್ತ ಓದುತ್ತ ಎರಡು ಸಲ ಕನ್ನಡಕ ಒರೆಸಿಕೊಂಡಿದ್ದೆ. ಮತ್ತೆ ಕರೆ ಬಂತು. ಯಾಕೆ ಇಷ್ಟು ಒಳ್ಳೆಯದು ಅನ್ನಿಸಿತು ಎಂದು ಕೇಳಿದರು. ಓದಿ ಅಳು ಬಂತು ಎಂದು ಇದ್ದದ್ದನ್ನೇ ಹೇಳಿದೆ.

"ಕಣ್ಣೀರಿಗೆ ಮಾರ್ಕ್ಸ್ ಇಲ್ರೀ ಸಿಸ್ಟರ್" ಎಂದರು ಮೇಡಂ. "ಯಾರು ಕೇಳಿದ್ರು, ಎಲ್ಲಿ ಕೂತು ಕೇಳಿದ್ರು, ಹೇಳಿದ್ದರಾಗ ಏನು ಬಿಟ್ರು. ಅದನ್ನ ನೋಡ್ರಿ."

ಲೆಕ್ಕ ನೋಡಬಾರದು, ಕಣ್ಣೀರೂ ನೋಡಬಾರದು. ಹಾಗಾದರೆ ಉಳಿದದ್ದೇನು ಎಂದು ಹಲವು ತಿಂಗಳು ತಲೆ ಕೆರೆದುಕೊಂಡೆ. ಪಾಠ ಮಾತ್ರ ಗಟ್ಟಿ ದನಿಯಲ್ಲಿ ಮಾಡುತ್ತಿದ್ದೆ. ನನಗೆ ಗೊತ್ತಿಲ್ಲ ಎಂಬುದು ಹುಡುಗಿಯರಿಗೆ ಗೊತ್ತಾಗಬಾರದಲ್ಲ.

ಇನ್ನೊಂದು ಫಜೀತಿ ಕೇಳಿ. ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ ಶಾಂತವಾಗಿ ಕುಳಿತರೆ ನರ್ಸುಗಳ ಮನಸ್ಸು ಹಗುರಾಗುತ್ತದೆ ಎಂದು ಒಂದು ಪ್ರಬಂಧದಲ್ಲಿತ್ತು. ಓದುವುದಕ್ಕಿಂತ ಮಾಡಿ ನೋಡುವುದು ಮೇಲು ಎನ್ನಿಸಿತು. ಹಳೆಯ ವಾರ್ಡಿಗೆ ಹೋಗಿ ಬೆಳಗಿನ ಪಾಳಿ ಮುಗಿಸಿದ ನಾಲ್ವರನ್ನು ಕರೆದೆ. ಶಾಂತವಾದ ಜಾಗ ಬೇರೆಲ್ಲೂ ಇಲ್ಲದ್ದರಿಂದ ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಕೂರಿಸಿದೆ. ಹತ್ತು ನಿಮಿಷದ ಮೇಲೆ ಬಾಗಿಲು ತೆರೆದರೆ ನಾಲ್ವರೂ ಬಟ್ಟೆಯ ಗಂಟುಗಳಿಗೆ ಒರಗಿ ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಮುಕ್ಕಾಲು ಗಂಟೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕಾವಲು ಕುಳಿತೆ. ಫಲಿತಾಂಶ ಏನು ಎಂದು ಮೇಡಂ ಕೇಳಿದಾಗ, ಅವರಿಗೆ ಬೇಕಾದದ್ದು ಧ್ಯಾನವಲ್ಲ, ನಿದ್ದೆ ಎಂದೆ. ಅವರು ನಗಲಿಲ್ಲ. ಇದನ್ನು ಬರೆದಿಡಿ ಎಂದರು. ನಾನು ಬರೆದಿಡಲಿಲ್ಲ.

ಇನ್ನು ಆ ಕಡೆಯ ಪ್ರಬಂಧ. ನನ್ನ ನಿವೃತ್ತಿಗೆ ಮೂರು ತಿಂಗಳಿದ್ದವು. ಆಸ್ಪತ್ರೆಯಲ್ಲಿ ನರ್ಸುಗಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದರು. ಆಡಳಿತದವರು ಒಂದು ಸಮಿತಿ ಮಾಡಿದರು. ಅದರ ಮುಂದೆ ಎರಡು ದಾರಿ ಇದ್ದವು. ಒಂದು, ರಜೆ ಹಾಕಿದವರ ಜಾಗಕ್ಕೆ ನಿಲ್ಲಲೆಂದೇ ಬದಲಿ ನರ್ಸುಗಳನ್ನು ನೇಮಿಸಿ ಡಬಲ್ ಡ್ಯೂಟಿ ನಿಲ್ಲಿಸುವುದು. ಇನ್ನೊಂದು, ವಾರಕ್ಕೊಮ್ಮೆ ಎಲ್ಲ ನರ್ಸುಗಳೂ ಒಟ್ಟಿಗೆ ಕುಳಿತು ಉಣ್ಣುವ ಏರ್ಪಾಡು ಮಾಡುವುದು. ಎರಡನೆಯದಕ್ಕೆ ಆಧಾರವಾಗಿ ನಮ್ಮದೇ ಕಾಲೇಜಿನ ಎಂ.ಎಸ್ಸಿ. ವಿದ್ಯಾರ್ಥಿನಿ ಶಿಲ್ಪಾ ಮಾಡಿದ ಸಂಶೋಧನೆ ಸಮಿತಿಯ ಮುಂದಿತ್ತು. ಅದನ್ನು ನಂಬಬಹುದೇ ಎಂದು ಪರೀಕ್ಷಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಅದೇ ವಾರ ರೇಣುಕಾ ನನ್ನನ್ನು ಕಾಣಲು ಬಂದಿದ್ದಳು. ಉಪ್ಪಿನಬೆಟಗೇರಿಯ ಹುಡುಗಿ. ಅದಕ್ಕೂ ಹದಿನಾಲ್ಕು ವರ್ಷದ ಹಿಂದೆ ನನ್ನ ವಾರ್ಡಿಗೆ ಹೊಸದಾಗಿ ಸೇರಿದವಳು, ಆರು ವರ್ಷ ನನ್ನ ಕೈಕೆಳಗಿದ್ದಳು. ಎಂಥ ಒಣಗಿದ ಕೈಯಲ್ಲೂ ನರ ಹುಡುಕಿ ಒಂದೇ ಸಲಕ್ಕೆ ಸೂಜಿ ಹಾಕುವ ಕೈ ಅವಳದು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯ ಪ್ರಥಮ ಚಿಕಿತ್ಸೆ ಕೋಣೆಗೆ ನರ್ಸ್ ಬೇಕಂತೆ, ಹಗಲು ಪಾಳಿ ಮಾತ್ರವಂತೆ ಎಂದಳು. ಇಲ್ಲಿಯೇ ಉಳಿಯುವ ಮನಸ್ಸಿದೆ, ಬದಲಿ ನರ್ಸುಗಳು ಬಂದರೆ ಉಳಿಯುತ್ತೇನೆ, ತಿಂಗಳ ಕೊನೆಯೊಳಗೆ ಆ ಫ್ಯಾಕ್ಟರಿಗೆ ಉತ್ತರ ಹೇಳಬೇಕು ಎಂದಳು. ನಾನು, ಎಲ್ಲ ಸರಿ ಹೋಗುತ್ತದೆ ತಗೋ ಎಂದು ಬೆನ್ನು ತಟ್ಟಿ ಕಳಿಸಿದೆ.

ಶಿಲ್ಪಾಳ ಪ್ರಬಂಧ ಓದಿದೆ. ಹನ್ನೆರಡು ನರ್ಸುಗಳ ಸಂದರ್ಶನ. ಅದರಲ್ಲಿ ದೊಡ್ಡ ಎಳೆ ಒಂದೇ: ಒಂದೇ ಮನೆಯವರೆಂಬ ಭಾವ ಮತ್ತು ಹಂಚಿ ಉಣ್ಣುವ ಊಟ ನರ್ಸುಗಳನ್ನು ಬರ್ನ್‌ಔಟಿನಿಂದ ಕಾಯುತ್ತದೆ. ಐದನೆಯವಳ ಮಾತನ್ನು ಹೀಗೆ ಕೊಟ್ಟಿದ್ದಳು: ನಮ್ಮ ಹಿರೇ ಸಿಸ್ಟರ್ ತಮ್ಮ ಡಬ್ಬಿ ತಗದು ತಾವ ಎಣಗಾಯಿ ಬಡಸ್ತಿದ್ರು, ನಾವೆಲ್ಲಾ ಒಂದ ಮನಿಯವರ ಇದ್ದಂಗ ಇದ್ವಿ. ಆಮೇಲೆ ಮೂರು ಚುಕ್ಕಿ.

ಹೆಸರಿರಲಿಲ್ಲ, ಆದರೆ ಆ ಸಿಸ್ಟರ್ ಯಾರೆಂದು ತಿಳಿಯಲು ನನಗೆ ಯಾವ ಪಟ್ಟಿಯೂ ಬೇಕಿರಲಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷದ ಮೇಲೂ ನೆನೆಯುತ್ತಾರಲ್ಲ ಎಂದು ಎದೆ ತುಂಬಿ ಬಂತು. ಹತ್ತು ಪ್ರಶ್ನೆಗೂ ಹೌದು, ಹೌದು ಎಂದು ಗುರುತು ಹಾಕಿದೆ. ಸಂಶೋಧಕಿಗೂ ಮಾತನಾಡಿದವರಿಗೂ ಇರುವ ಸಂಬಂಧವನ್ನು ಪರಿಶೀಲಿಸಲಾಗಿದೆಯೇ ಎಂಬ ಆರನೆಯ ಪ್ರಶ್ನೆಗೂ ಹೌದು. ಓದಿದವಳಿಗೂ ಪ್ರಬಂಧಕ್ಕೂ ಏನು ಸಂಬಂಧ ಎಂದು ಆ ಪಟ್ಟಿ ಕೇಳುವುದಿಲ್ಲ.

ಮೇಡಂ ವರದಿಯನ್ನು ಎರಡು ಸಲ ಓದಿ ಪ್ರಬಂಧದ ಆ ಪುಟ ತೆಗೆದರು. ಚುಕ್ಕಿಗಳ ಮೇಲೆ ಪೆನ್ಸಿಲ್ ಇಟ್ಟು, ಇಲ್ಲಿ ಏನಿತ್ತು ಎಂದು ಕೇಳಿದರು. ಉದ್ದವಾಯಿತೆಂದು ಬಿಟ್ಟಿರಬೇಕು ಎಂದೆ. ಕೇಳಿದಿರಾ ಎಂದರು. ಕೇಳಿರಲಿಲ್ಲ. ಎಂಟು ವರ್ಷ ಹುಡುಗಿಯರಿಗೆ, ಚುಕ್ಕಿ ಕಂಡರೆ ಮೂಲ ಬರಹ ತರಿಸಿ ಎಂದು ಹೇಳುತ್ತ ಬಂದವಳು ನಾನೇ.

ಶಿಲ್ಪಾ ಮೂಲ ಬರಹ ತರಲು ನಾಲ್ಕು ದಿನ ಮಾಡಿದಳು. ಒಮ್ಮೆ ಪ್ರಿಂಟರ್ ಕೆಟ್ಟಿದೆ ಎಂದಳು, ಒಮ್ಮೆ ಊರಿಗೆ ಹೋಗಿದ್ದೆ ಎಂದಳು. ಕಡೆಗೆ ಹಾಳೆಗಳನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತಳು. ಐದನೆಯವಳ ಮಾತು ಪೂರ್ತಿ ಹೀಗಿತ್ತು:

"ನಾವೆಲ್ಲಾ ಒಂದ ಮನಿಯವರ ಇದ್ದಂಗ ಇದ್ವಿ. ಮನಿಯವರಿಗೆ ಒಲ್ಲೆ ಅನ್ನಾಕ ಬರತೈತೇನ್ರಿ? ತಾಟಿಗೆ ಎಣಗಾಯಿ ಬಿತ್ತಂದ್ರ ಸಂಜಿ ಮನಿಗೆ ಹೋಗಂಗಿಲ್ಲ ಅಂತ ತಿಳಕೊಳ್ಳೂದು. ಮಗಳು ಸಾಲಿ ಗ್ಯಾದರಿಂಗಿನಾಗ ಕುಣದ್ಲು, ಆವತ್ತೂ ಬಿತ್ತು. ನುಂಗಿದೆ. ಉಪ್ಪಿನಬೆಟಗೇರಿ ಕಡೀ ಬಸ್ಸೂ ಹೋಗಿತ್ತು. ಈಗೂ ಸಂತ್ಯಾಗ ಬದನಿಕಾಯಿ ಕಂಡ್ರ ಕೊಳ್ಳದ ಮುಂದ ಹೋಗಿಬಿಡತೀನ್ರಿ."

ನಾನು ಅದನ್ನು ಮೂರು ಸಲ ಓದಿದೆ. ಯಾರ ಮಾತೆಂದು ಬಸ್ಸೇ ಹೇಳಿತು. ಆ ದಿನ ಯಾವುದೆಂದು ನೆನಪಿಸಿಕೊಳ್ಳಲು ಎಷ್ಟು ತಿಣುಕಿದರೂ ಆಗಲಿಲ್ಲ. ಎಣಗಾಯಿಗೆ ಎಷ್ಟು ಗುರೆಳ್ಳು ಹಾಕುತ್ತಿದ್ದೆ ಎಂಬುದು ನೆನಪಿದೆ, ಆ ಹುಡುಗಿ ಕುಣಿದ ದಿನ ನೆನಪಿಲ್ಲ.

ಯಾಕೆ ಬಿಟ್ಟೆ ಎಂದು ಶಿಲ್ಪಾಳನ್ನು ಕೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು.

"ನೀವ ಅಂತ ಗೊತ್ತಾತ್ರಿ ಸಿಸ್ಟರ್. ನನಗ ಇದನ್ನ ಕಲಿಸಿದವರು ನೀವ. ನಿಮ್ಮ ಬಗ್ಗೆ ಇದನ್ನ ಹೆಂಗ ಬರೀಲಿ?"

ಇನ್ನುಳಿದ ಹನ್ನೊಂದು ಸಂದರ್ಶನಗಳನ್ನೂ ಓದಿದೆ. ಎಲ್ಲವನ್ನೂ ವಾರ್ಡಿನ ಇನ್‌ಚಾರ್ಜ್ ಕೋಣೆಯಲ್ಲಿ ಮಾಡಿದ್ದಳು. ಇನ್‌ಚಾರ್ಜ್ ಸಿಸ್ಟರ್ ಚಹಾ ಕಳಿಸಿದ್ದರಂತೆ, ನಡುವೆ ಎರಡು ಸಲ ಒಳಗೆ ಬಂದು ಹೋಗಿದ್ದರಂತೆ. ಎಲ್ಲ ಛಲೋ ಐತ್ರಿ ಎಂಬ ಮಾತು ಎಷ್ಟು ಸಲ ಬಂದಿತ್ತೆಂದರೆ, ಓದುತ್ತ ನನಗೇ ಸಿಟ್ಟು ಬಂತು. ಇದೆಲ್ಲ ಮೊದಲ ಓದಿನಲ್ಲಿ ಯಾಕೆ ಕಾಣಲಿಲ್ಲ?

ಆಮೇಲೆ ನನ್ನ ತಲೆ ಕೆಟ್ಟು ಹೋಯಿತು. ಹೆಸರು ಹೇಳುವುದಿಲ್ಲವೆಂಬ ಭರವಸೆಯ ಮೇಲೆ ರೇಣುಕಾ ಮಾತನಾಡಿದ್ದಳು. ನಾನು ಅವಳನ್ನು ಗುರುತಿಸಿದ್ದೇ ಒಂದು ತಪ್ಪು. ಹೋಗಿ ಅವಳ ಕೈ ಹಿಡಿದು ಕ್ಷಮೆ ಕೇಳಿದರೆ ಆ ಭರವಸೆ ಮುರಿಯುತ್ತದೆ. ಸುಮ್ಮನಿದ್ದರೆ ಅವಳ ಅರ್ಧ ಮಾತೇ ಅವಳ ವಿರುದ್ಧ ಸಾಕ್ಷಿಯಾಗುತ್ತದೆ. ಪ್ರಬಂಧವನ್ನು ತಿರಸ್ಕರಿಸಿದರೆ ನನ್ನ ಮೇಲಿನ ದೂರಿಗೆ ಸಿಟ್ಟಾದೆ ಎಂದುಕೊಳ್ಳುತ್ತಾರೆ, ಮೆಚ್ಚಿದರೆ ಹೊಗಳಿಕೆಗೆ ಬಿದ್ದೆ ಎನ್ನುತ್ತಾರೆ. ಇದರ ನಡುವೆ ಇನ್ನೊಂದು ಗೊಂದಲ. ಆ ಊಟದಲ್ಲಿ ಪ್ರೀತಿ ಇದ್ದದ್ದು ಸುಳ್ಳೇ? ಬೆಳಿಗ್ಗೆ ಐದಕ್ಕೆ ಎದ್ದು ಬದನೆಕಾಯಿ ಸೀಳುತ್ತಿದ್ದವಳು ನಾನು. ಯಾರನ್ನೋ ನಿಲ್ಲಿಸಿಕೊಳ್ಳುವ ಹಂಚಿಕೆಯಿಂದ ಅಷ್ಟು ಬೇಗ ಏಳುತ್ತಿದ್ದೆನೇ? ಇಲ್ಲವೆಂದುಕೊಂಡಿದ್ದೆ. ಈಗ ಅದೂ ಖಾತ್ರಿಯಿಲ್ಲ.

ಮೇಡಂ ಬಳಿ ಹೋಗಿ ಈ ಕೆಲಸ ಬೇರೆಯವರಿಗೆ ಕೊಡಿ ಎಂದೆ.

"ಕೊಡಬಹುದು" ಎಂದರು. "ಆದ್ರ ಆ ಚುಕ್ಕಿಯೊಳಗ ಏನದ ಅಂತ ತಿಳಿದವರು ನೀವೊಬ್ಬರ. ನೀವು ಯಾರು ಅನ್ನೂದನ್ನ ಮೊದಲ ಬರೀರಿ. ಆಮ್ಯಾಲೆ ಉಳದದ್ದು ಬರೀರಿ. ಓದೋರು ತೂಕಾ ಮಾಡ್ಕೋತಾರ."

ಇದು ಸರಿಯಾದ ಸಲಹೆಯೋ ಅಲ್ಲವೋ, ಈಗಲೂ ಅನುಮಾನವಿದೆ. ಹೊಸ ವರದಿಯ ಮೊದಲ ಸಾಲಿನಲ್ಲಿ, ಈ ಪ್ರಬಂಧದಲ್ಲಿ ಬರುವ ಹಿರಿಯ ಸಿಸ್ಟರ್ ನಾನೇ, ಆದ್ದರಿಂದ ನನ್ನ ಮಾತನ್ನು ಎಚ್ಚರದಿಂದ ಓದಬೇಕು ಎಂದು ಬರೆದೆ. ಸಂದರ್ಶನ ನಡೆದ ಜಾಗ ಸರಿಯಿಲ್ಲ, ವಿರುದ್ಧವಾಗಿ ಬಂದ ಮಾತುಗಳನ್ನು ಬಿಡಲಾಗಿದೆ, ಊಟ ಡಬಲ್ ಡ್ಯೂಟಿಗೆ ಒಪ್ಪಿಸುವ ದಾರಿಯೂ ಆಗಿತ್ತು, ಆದ್ದರಿಂದ ಸಹಭೋಜನವೊಂದೇ ಸಾಕೆಂಬ ತೀರ್ಮಾನಕ್ಕೆ ಈ ಸಂಶೋಧನೆ ಆಧಾರವಾಗುವುದಿಲ್ಲ ಎಂದೆ. ಮಗಳ ಗ್ಯಾದರಿಂಗನ್ನು, ಬಸ್ಸನ್ನು ಬರೆಯಲಿಲ್ಲ. ಬರೆದಿದ್ದರೆ ಸಮಿತಿಯವರು ಅಲುಗಾಡುತ್ತಿದ್ದರೇನೋ. ಆದರೆ ಅವಳು ಯಾರೆಂದು ಗೊತ್ತಾಗಿಬಿಡುತ್ತಿತ್ತು. ಹಾಗೆ ನಾನೂ ಮೂರು ಚುಕ್ಕಿ ಹಾಕಿದಂತಾಯಿತು.

ಸಮಿತಿಯ ಸಭೆಯಲ್ಲಿ ಹಿರಿಯ ಡಾಕ್ಟರೊಬ್ಬರು ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಊಟ ಒಳ್ಳೆಯದೋ ಕೆಟ್ಟದ್ದೋ, ಒಂದು ಮಾತಿನಲ್ಲಿ ಹೇಳಿ ಸಿಸ್ಟರ್ ಎಂದರು. ಒಂದು ಮಾತಿನಲ್ಲಿ ಹೇಳಲು ಆಗುವುದಿಲ್ಲ ಎಂದೆ. ಅವರು ನಕ್ಕರು. ಆ ತಿಂಗಳೇ ಸಹಭೋಜನ ಶುರುವಾಯಿತು. ಬದಲಿ ನರ್ಸುಗಳ ವಿಷಯವನ್ನು ಮುಂದೆ ನೋಡೋಣ ಎಂದು ಇಟ್ಟುಕೊಂಡರು. ಮಳೆಗಾಲ ಮುಗಿದ ಮೇಲೆ ಇಬ್ಬರನ್ನು ನೇಮಿಸಿದರಂತೆ. ಅದು ನನ್ನ ವರದಿಯಿಂದಲೋ, ಇನ್ನೂ ನಾಲ್ಕು ಜನ ಕೆಲಸ ಬಿಟ್ಟಿದ್ದರಿಂದಲೋ ನನಗೆ ಗೊತ್ತಿಲ್ಲ. ರೇಣುಕಾ ಮಾತ್ರ ತಿಂಗಳ ಕೊನೆಗೆ ಫ್ಯಾಕ್ಟರಿಗೆ ಹೂಂ ಎಂದಿದ್ದಳು. ಶಿಲ್ಪಾ ಸಂದರ್ಶನಗಳನ್ನು ಆಸ್ಪತ್ರೆಯ ಹೊರಗೆ, ಬೇರೆ ನರ್ಸುಗಳ ಜೊತೆ ಹೊಸದಾಗಿ ಮಾಡಿದಳು. ಅವಳಿಗೆ ಒಂದು ವರ್ಷ ಹೆಚ್ಚು ಹಿಡಿಯಿತು. ನನ್ನ ಬೀಳ್ಕೊಡುಗೆಗೆ ಅವಳು ಬರಲಿಲ್ಲ.

ಕಳೆದ ತಿಂಗಳು ಒಂದು ಭಾನುವಾರ, ಚರ್ಚಿನಿಂದ ಬಂದು ಬಾಗಿಲು ತೆರೆಯುತ್ತಿದ್ದೆ, ಗೇಟಿನಲ್ಲಿ ರೇಣುಕಾ ನಿಂತಿದ್ದಳು. ಮಗಳ ಎಸ್ಸೆಸ್ಸೆಲ್ಸಿ ಮುಗಿದಿತ್ತು, ಪೇಢಾ ತಂದಿದ್ದಳು. ಊಟದ ಹೊತ್ತು. ಆ ದಿನ ಒಲೆಯ ಮೇಲಿದ್ದದ್ದು ಎಣಗಾಯಿಯೇ, ಅದನ್ನು ನಾನು ಬೇಕೆಂದು ಮಾಡಿದ್ದಲ್ಲ. ಬಡಿಸಲೋ ಬೇಡವೋ ತಿಳಿಯದೆ ಸೌಟು ಹಿಡಿದು ನಿಂತೆ. ಅವಳು ನನ್ನ ಮುಖ ನೋಡಿದಳು, ಸೌಟು ನೋಡಿದಳು.

"ಓದೀರಲಾ ಸಿಸ್ಟರ್, ನಾ ಹೇಳಿದ್ದು" ಎಂದಳು.

ಓದಿದೆ ಎಂದೆ. ತಪ್ಪಾಯಿತು ಎಂದೆ. ಅವಳು ಅದಕ್ಕೆ ಹೌದೆನ್ನಲಿಲ್ಲ, ಇಲ್ಲವೆಂದು ಸಮಾಧಾನವನ್ನೂ ಮಾಡಲಿಲ್ಲ. ಹೀಗೊಂದು ಬರೆಯುತ್ತಿದ್ದೇನೆ, ನಿನ್ನ ಮಾತನ್ನು ಹಾಕಲೇ ಎಂದು ಕೇಳಿದೆ.

"ಹಾಕ್ರಿ. ಆದ್ರ ಪೂರಾ ಹಾಕ್ರಿ" ಎಂದಳು. "ನೀವು ಇದ್ರಿ ಅಂತ ನಾ ಅಲ್ಲಿ ಅಷ್ಟು ವರ್ಷ ತಡಕೊಂಡೆ. ನೀವು ಇದ್ರಿ ಅಂತ ಒಂದಿನಾನೂ ಒಲ್ಲೆ ಅನ್ನಾಕ ಆಗಲಿಲ್ಲ. ಎರಡೂ ಬರೀರಿ. ಒಂದು ಬರದು ಒಂದು ಬಿಡಬ್ಯಾಡ್ರಿ."

ಎರಡನ್ನೂ ಬರೆದಿದ್ದೇನೆ.

ಅವಳೇ ತಾಟು ಮುಂದೆ ಹಿಡಿದಳು. ಒಂದು ಎಣಗಾಯಿ ಹಾಕಿದೆ. ಉಣ್ಣುತ್ತ ಫ್ಯಾಕ್ಟರಿಯ ಮಾತು, ಮಗಳ ಮಾತು ಆಡಿದೆವು. ನನಗೆ ಬುದ್ಧಿ ಬಂದಿತ್ತು ಎಂದುಕೊಂಡಿದ್ದೀರಾ? ಕೈ ತೊಳೆಯುವ ಮೊದಲೇ ನನ್ನ ಬಾಯಿಂದ ಬಂತು: ಬರುವ ಶನಿವಾರ ಕಾಲೇಜಿಗೆ ಬಂದು ಹುಡುಗಿಯರ ಮುಂದೆ ಇದನ್ನೆಲ್ಲ ನೀನೇ ಹೇಳವಾ, ನಮ್ಮ ಮನೆ ಕೆಲಸ ಎಂದುಕೋ.

ರೇಣುಕಾ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದಳು.

"ಒಲ್ಲೆರಿ ಸಿಸ್ಟರ್" ಎಂದಳು. "ಶನಿವಾರ ಮಗಳನ್ನ ಕರಕೊಂಡು ಎಲ್ಲೆರೆ ಹೋಗೂದೈತಿ."

ಹದಿನೈದು ವರ್ಷಕ್ಕೂ ಮೀರಿದ ಪರಿಚಯದಲ್ಲಿ ಅವಳು ನನಗೆ ಹಾಗೆ ಎಂದದ್ದು ಅದೇ ಮೊದಲು. ಆಯ್ತವಾ, ಹೋಗಿ ಬಾ ಎಂದೆ. ಅವಳು ತಾಟನ್ನು ಮತ್ತೆ ಮುಂದೆ ಹಿಡಿದು ಇನ್ನೊಂದು ಎಣಗಾಯಿ ಕೇಳಿದಳು.